ರಕ್ತ ಎಲ್ಲಿಗೆ ಬಂತು?

ಔಷಧಿ ಅಂಗಡಿಯವನು ಹಲ್ಲು ಕಿಸಿದು ಹೇಳಿದ: “ಆ ಗುಳಿಗಿ ಸ್ಟಾಕ್ ಇಲ್ರಿ ಅಕ್ಕಾರ. ಮುಂದಿನ ವಾರ ಬರ್ತೈತಿ.”

ನನ್ನ ಪರೀಕ್ಷೆ ಬರುವ ಸೋಮವಾರ. ಅದು ಮುಗಿದ ಮೇಲೆ ಬಂದ ಗುಳಿಗೆಯನ್ನು ಏನು ಉಪ್ಪಿನಕಾಯಿ ಹಾಕಲೇ? ನನಗಿರುವುದು ಎಡಿಎಚ್‌ಡಿ. ಪುಸ್ತಕ ತೆರೆದರೆ ಕಣ್ಣು ಸಾಲಿನ ಮೇಲೆ, ಮನಸ್ಸು ಊರ ಮೇಲೆ. ಆ ಗುಳಿಗೆ ನುಂಗಿದರೆ ಎರಡೂ ಒಂದು ಕಡೆ ಕೂರುತ್ತವೆ. ನರ್ಸಿಂಗ್ ಮೊದಲ ವರ್ಷದ ಶರೀರಶಾಸ್ತ್ರದಲ್ಲಿ ಆಗಲೇ ಒಮ್ಮೆ ಡುಮ್ಕಿ ಹೊಡೆದಿದ್ದೆ. ಈ ಸಲವೂ ಹೋದರೆ ಗೆಳತಿಯರೆಲ್ಲ ಎರಡನೇ ವರ್ಷಕ್ಕೆ, ನಾನು ಮನೆಗೆ. ಕೊಪ್ಪಳ, ಗಂಗಾವತಿ, ಹೊಸಪೇಟೆ, ಫೋನ್ ಮಾಡದ ಅಂಗಡಿಯಿಲ್ಲ. ಹುಬ್ಬಳ್ಳಿಯ ಡಾಕ್ಟರು, “ಸಿಗೂತನಕ ಬ್ಯಾರೆ ಯಾವುದೂ ನಿನ್ನಷ್ಟಕ್ಕ ನೀನ ನುಂಗಬ್ಯಾಡವಾ. ಒಬ್ಬಾಕಿನ ಕುಂತು ಓದಬ್ಯಾಡ, ಯಾರನ್ನರ ಜೋಡಿ ಕುಂದ್ರಿಸಿಕೋ” ಎಂದರು.

ಜೋಡಿಗೆ ಯಾರು? ನಮ್ಮದು ಭಾಗ್ಯನಗರ. ಇಲ್ಲಿ ಎಷ್ಟೋ ಮನೆಗಳಲ್ಲಿ ಕೂದಲ ಕೆಲಸ. ಊರೂರುಗಳಿಂದ ಗಂಟುಗಂಟಾಗಿ ಬರುವ ಕೂದಲನ್ನು ಬಿಡಿಸಿ, ಉದ್ದ ನೋಡಿ ಜೋಡಿಸಿ ವಿಗ್ ಮಾಡುವವರಿಗೆಂದು ಕಟ್ಟಿಡುವುದು. ನಮ್ಮ ಪಡಸಾಲೆಯಲ್ಲಿ ಅವ್ವ ಶಿವಲಿಂಗಮ್ಮ ಮತ್ತು ಪಕ್ಕದ ಮನೆಯ ಹುಸೇನಬೀ ಚಾಚಿ ದಿನವಿಡೀ ಅದನ್ನೇ ಮಾಡುತ್ತಾರೆ. ಪುಸ್ತಕ ಹಿಡಿದು ಅವರ ನಡುವೆ ಹೋಗಿ ಕೂತೆ.

“ಖಾಲಿ ಕೈಲೆ ಕುಂತ್ರ ತಲಿ ಓಡಾಡ್ತೈತಿ. ಇದನ್ನ ಹಿಡಿ,” ಎಂದು ಅವ್ವ ಒಂದು ಗಂಟು ಎಸೆದಳು.

ಹಿಡಿದದ್ದೇ ತಪ್ಪಾಯಿತು! ಸಿಕ್ಕು ಬಿಡಿಸುವ ರುಚಿ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಬರಿದಾಗಿತ್ತು. ಪುಸ್ತಕದ ಪುಟ ಇದ್ದಲ್ಲೇ ಇತ್ತು. ಅವ್ವನಿಗೆ ಖುಷಿಯೋ ಖುಷಿ. “ನನ್ನ ಮಗಳು ಎಷ್ಟು ಚುರುಕದಾಳ ನೋಡಬೇ!” ನನಗೆ ಅಳು ಒತ್ತರಿಸಿ ಬಂತು. ಪುಸ್ತಕವನ್ನು ಮೂಲೆಗೆ ಒಗೆದೆ.

ಚಾಚಿ ಅದನ್ನು ಎತ್ತಿ ತಂದು ಹೃದಯದ ಚಿತ್ರ ತೆರೆದರು. “ಇದೇನವಾ, ಹೋಳು ಮಾಡಿದ ಮಾವಿನಕಾಯಿ ಇದ್ದಂಗ ಐತಿ? ನಂಗ ತಿಳಿಯೂ ಹಂಗ ಹೇಳು. ಕೈಯಾಗ ಕೂದಲಾ ಇರಲಿ, ಬಾಯಿ ಮಾತ್ರ ನಿಂದ್ರಬಾರದು.”

ಹೇಳತೊಡಗಿದೆ. ನಾಲ್ಕು ಕೋಣೆ, ಅವುಗಳ ಬಾಗಿಲು, ಕೆಟ್ಟ ರಕ್ತ ಬಲಗಡೆ ಬಂದು ಶ್ವಾಸಕೋಶಕ್ಕೆ ಹೋಗುವುದು... ಅಷ್ಟರಲ್ಲಿ ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು. ನನ್ನ ಮನಸ್ಸು ಸೊಪ್ಪಿನ ಹಿಂದೆ ಹೊರಟಿತು.

“ಏ ಸುರೇಖಾ, ರಕ್ತ ಎಲ್ಲಿಗೆ ಬಂತು?” ಚಾಚಿ ಗದರಿದರು.

“ಶ್ವಾಸಕೋಶಕ್ಕ.”

“ಪಾಪ, ಅದನ್ನ ಅಲ್ಲೇ ಯಾಕ ಬಿಟ್ಟಿ? ಹೊಳ್ಳಿ ಮನಿಗೆ ಕರಕೊಂಡ ಬಾ!”

ಮುಂದೆ ಅದೇ ಆಟ. ನಾನು ತಪ್ಪಿಸಿಕೊಂಡಾಗಲೆಲ್ಲ ಇಬ್ಬರೂ ಒಟ್ಟಿಗೆ, “ರಕ್ತ ಎಲ್ಲಿಗೆ ಬಂತು?” ಮೂಳೆಯ ಪಾಠವಿದ್ದರೂ ಅದೇ ಪ್ರಶ್ನೆ! ಚಾಚಿ ಏಳನೆಯ ತರಗತಿಯಲ್ಲಿ ನಪಾಸಾಗಿ ಶಾಲೆ ಬಿಟ್ಟವರು, ಆದರೆ ಅರ್ಥವಾಗದ್ದನ್ನು ಬಿಡುವ ಪೈಕಿ ಅಲ್ಲ. ಅವರಿಗೆ ತಿಳಿಸಲು ಹೋಗಿ ನನಗೂ ತಿಳಿಯಿತು. ಎಲ್ಲವೂ ಅಲ್ಲ. ಭಾನುವಾರ ನರಮಂಡಲ ತಲೆಗೆ ಹತ್ತದೆ ಅವರ ಮೇಲೆಯೇ ಹರಿಹಾಯ್ದೆ. ಅವರು ಚಹಾ ಕುಡಿಸಿ ಮತ್ತೆ ಕೂರಿಸಿದರು.

ಸೋಮವಾರ ಹೃದಯದ ಪ್ರಶ್ನೆಯೇ ಬಂತು. ಬರೆಯುತ್ತ ಬರೆಯುತ್ತ ಫ್ಯಾನಿನ ಕಿರಕಿರ ಸದ್ದಿನ ಹಿಂದೆ ಹೋಗಿಬಿಟ್ಟೆ. ಇನ್ನು ಅರ್ಧ ತಾಸಷ್ಟೇ ಎಂದು ಎಚ್ಚರಿಸುವ ಗಂಟೆ ಬಾರಿಸಿದಾಗ ಎಚ್ಚೆತ್ತೆ. “ರಕ್ತ ಎಲ್ಲಿಗೆ ಬಂತು?” ಎಂದು ನನ್ನನ್ನು ನಾನೇ ಗದರಿಕೊಂಡೆ, ಅದೂ ಜೋರಾಗಿ! ಮೇಲ್ವಿಚಾರಕಿ ಓಡಿಬಂದು, “ಎಲ್ಲಿ ಪೆಟ್ಟಾಗೇತವಾ?” ಎಂದು ನನ್ನ ಕೈ ಹಿಡಿದು ನೋಡಿದರು. ನಗು ನುಂಗಿಕೊಂಡು ರಕ್ತವನ್ನು ಎಡಗಡೆಯ ಕೋಣೆಗೆ ತಂದು ಮುಟ್ಟಿಸಿದೆ.

ಮರುದಿನವೇ ಅಂಗಡಿಯವನ ಫೋನ್: ಗುಳಿಗೆ ಬಂದಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಬಯ್ಯುತ್ತಲೇ ಹೋಗಿ ತಂದು ನುಂಗಿದೆ. ಅಬ್ಬಾ, ತಲೆಯೊಳಗಿನ ಸಂತೆ ಅಡಗಿತು.

ಫಲಿತಾಂಶ ಬಂದ ದಿನ ಮೊಬೈಲ್ ನೋಡಿ “ಪಾಸ್!” ಎಂದು ಕಿರುಚಿದೆ. ಅವ್ವ ದೇವರ ಮುಂದೆ ದೀಪ ಹಚ್ಚಲು ಓಡಿದಳು. ಚಾಚಿ ಮಾತ್ರ ಕೂದಲ ಕಟ್ಟು ಹಿಡಿದುಕೊಂಡೇ ಹೊಸ್ತಿಲು ದಾಟಿ, ಇಡೀ ಓಣಿಗೆ ಕೇಳುವಂತೆ ಕೂಗಿದರು:

“ಏ, ಎಲ್ಲಾರೂ ಕೇಳ್ರಿಲ್ಲೇ! ನಾವು ಪಾಸಾದಿವಿ!”