ಮಿತಿ ದಾಟಿಸಿದ ಶಿಫ್ಟ್

ಆ ಚಳಿಗಾಲದಲ್ಲಿ ವೆಸ್ಲಿ ಕಾಂಗಸ್‌ನ ಬಾಡಿಗೆ ಮನೆಯ ಫ್ರಿಜ್ ಬಾಗಿಲ ಮೇಲೆ ಒಂದು ಅಂಕಿ ಕೂತಿತ್ತು: ಐವತ್ತೆಂಟು ಸಾವಿರ. ಹೆಂಡತಿ ಕಾರ್ಲೀನ್ ಅದನ್ನು ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದು, ಮೀನಿನ ಆಕಾರದ ಅಯಸ್ಕಾಂತ ಒತ್ತಿ ಅಂಟಿಸಿದ್ದಳು. ಹಾಲಿಗೆ ಕೈ ಚಾಚಿದರೂ ಅದೇ ಕಣ್ಣಿಗೆ ಬೀಳುತ್ತಿತ್ತು, ಬೆಣ್ಣೆಗೆ ಕೈ ಚಾಚಿದರೂ ಅದೇ. ಹದಿನೆಂಟು ವರ್ಷ ಕಳೆದಿದೆ. ಈಗಲೂ ಆ ಅಂಕಿ ಎಲ್ಲಾದರೂ ಕಂಡರೆ ವೆಸ್ಲಿಗೆ ದುಡ್ಡು ನೆನಪಾಗುವುದಿಲ್ಲ, ಹಸಿರು ಬಣ್ಣದ ಒಂದು ಮನೆ ನೆನಪಾಗುತ್ತದೆ.

ಸಂಗತಿ ಇಷ್ಟೆ. ಮೊದಲ ಸಲ ಮನೆ ಕೊಳ್ಳುವವರಿಗೆ ತೆರಿಗೆಯಲ್ಲಿ ಆರು ಸಾವಿರ ಡಾಲರ್ ಬಿಟ್ಟುಕೊಡುವ ಮಸೂದೆಯೊಂದು ಆಗ ರಾಜಧಾನಿಯಲ್ಲಿ ಈ ಸಮಿತಿಯಿಂದ ಆ ಸಮಿತಿಗೆ ಅಲೆಯುತ್ತಿತ್ತು. ಗಂಡ ಹೆಂಡತಿ ಇಬ್ಬರ ಆ ವರ್ಷದ ಆದಾಯ ಸೇರಿ ಐವತ್ತೆಂಟು ಸಾವಿರ ದಾಟಬಾರದು ಎಂಬುದು ಅದರ ಷರತ್ತು. ದಾಟಿತೋ, ಬಿಡಿಗಾಸೂ ಇಲ್ಲ. ವೆಸ್ಲಿ ಕಬ್ಬಿಣದ ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ, ಕಾರ್ಲೀನ್ ಶಾಲೆಯ ಅಡುಗೆಮನೆಯಲ್ಲಿದ್ದಳು. ಓವರ್‌ಟೈಮ್ ಮಾಡದಿದ್ದರೆ ಇಬ್ಬರೂ ಮಿತಿಯ ಒಳಗೆ, ಮಾಡಿದರೆ ಹೊರಗೆ. "ಅದು ಪಾಸಾದ್ರೆ ಮುಂಗಡದ ಜಾಗಕ್ಕೆ ಅದನ್ನೇ ಹಿಡ್ಕೊಳ್ಳೋಣ" ಎಂದು ಬ್ಯಾಂಕಿನವನು ಹೇಳಿದ್ದ. 'ಪಾಸಾದ್ರೆ' ಅನ್ನುವ ಮಾತು ಮಾತ್ರ ಗಂಡ ಹೆಂಡತಿ ಇಬ್ಬರ ಕಿವಿಯಲ್ಲೂ ನಿಲ್ಲಲಿಲ್ಲ.

ಅವರು ಕಣ್ಣಿಟ್ಟಿದ್ದ ಆ ಹಸಿರು ಮನೆ ಅದೇ ಬೀದಿಯ ಲೆಂಪಿ ಹಿಯೆತಲಳದು. ಆಕೆಗೆ ಎಂಬತ್ತೊಂದು ವರ್ಷ. ಮಕ್ಕಳಿರಲಿಲ್ಲ, ಆದರೂ ಬೀದಿಯ ಮಕ್ಕಳೆಲ್ಲ ಆಕೆಯನ್ನು ಸ್ವಂತ ಅಜ್ಜಿಯನ್ನು ಕರೆದಂತೆ ಮುಮ್ಮು ಎಂದೇ ಕರೆಯುತ್ತಿದ್ದರು. ಆ ಬೀದಿಯಲ್ಲಿ ಮುಕ್ಕಾಲು ಪಾಲು ಫಿನ್ಲೆಂಡಿನಿಂದ ಬಂದವರ ಮೊಮ್ಮಕ್ಕಳು. ಗಂಡ ಎಯ್ನೊ ತೀರಿಹೋದ ಮೇಲೆ ಹತ್ತು ವರ್ಷ ಒಬ್ಬಳೇ ಹಿಮ ಎತ್ತಿ ಹಾಕಿ ಸಾಕಾಗಿ, ಡುಲೂತ್ ಪಟ್ಟಣದಲ್ಲಿರುವ ತಂಗಿಯ ಜೊತೆ ಇರಲು ಲೆಂಪಿ ತೀರ್ಮಾನಿಸಿದ್ದಳು. ಅಕ್ಟೋಬರ್‌ನಲ್ಲಿ ಒಂದು ಶನಿವಾರ ವೆಸ್ಲಿಗೆ ಕಾಫಿ ಬಗ್ಗಿಸುತ್ತಾ ವಿಷಯ ತೆಗೆದಳು.

"ಮನೆ ಮಾರ್ತೀನಿ ಕಣೋ ವೆಸ್. ನಿಂಗೆ ಬೇಕಿದ್ರೆ ಮೇ ಒಂದನೇ ತಾರೀಕಿನವರೆಗೂ ಬೇರೆ ಯಾರಿಗೂ ಮಾತು ಕೊಡಲ್ಲ."

"ಬೇಕು ಮುಮ್ಮು."

"ಸರಿ ಹಾಗಾದ್ರೆ." ಅಷ್ಟೇ. ಬೆಲೆಯ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆ ಜನ ಹಾಗೆಯೇ. ಹವಾಮಾನದ ಬಗ್ಗೆ ಒಂದು ಗಂಟೆ ಮಾತಾಡುತ್ತಾರೆ, ಬೇಕಾದ ವಿಷಯಕ್ಕೆ ಎರಡೇ ಮಾತು.

ಬೇರೆಯವರ ಕಣ್ಣಿಗೆ ಆ ಮನೆಯಲ್ಲಿ ಏನೂ ವಿಶೇಷವಿರಲಿಲ್ಲ. ಎರಡು ಮಲಗುವ ಕೋಣೆ, ಅಡುಗೆಮನೆಯ ನೆಲ ಒಂದು ಕಡೆಗೆ ವಾಲಿತ್ತು. ಆದರೆ ಹಿತ್ತಲಿನಲ್ಲಿ ಎಯ್ನೊ ಕೈಯಾರೆ ಕಟ್ಟಿದ ಸೌನಾ ಇತ್ತು. ದೇವದಾರು ಹಲಗೆಯ ಪುಟ್ಟ ಹಬೆಮನೆ, ಒಳಗೆ ಸೌದೆಯ ಒಲೆ, ಒಲೆಯ ಮೇಲೆ ರಾಶಿ ಕಲ್ಲು. ವೆಸ್ಲಿಯ ಬಾಲ್ಯದ ಶನಿವಾರಗಳೆಲ್ಲ ಅಲ್ಲೇ ಕಳೆದವು. ಮೊದಲು ಹೆಂಗಸರು ಮಕ್ಕಳು, ಆಮೇಲೆ ಗಂಡಸರು. ಏಳು ತುಂಬಿದ ಹುಡುಗನಿಗೆ ಗಂಡಸರ ಸರದಿಗೆ ಬಡ್ತಿ. ಕೆಂಪು ಅದಿರಿನ ಧೂಳು ಮೈಯ ಸಂದುಗೊಂದಿನಿಂದ ಬೆವರಾಗಿ ಇಳಿಯುವಾಗ ವೆಸ್ಲಿಯ ಅಪ್ಪ ರೂಬೆನ್ ಮೇಲಿನ ಹಲಗೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಎಯ್ನೊ ಮರದ ಸೌಟಿನಲ್ಲಿ ಕಲ್ಲಿನ ಮೇಲೆ ನೀರು ಹೊಯ್ದರೆ ಚುಂಯ್ ಎಂದು ಹಬೆ ಎದ್ದು ಕಿವಿ ಸುಡುತ್ತಿತ್ತು. ಕೆಳಗಿನ ಹಲಗೆಗೆ ಇಳಿದವನಿಗೆ ವಾರವಿಡೀ ಗೇಲಿ. ಆಮೇಲೆ ವಾಲಿದ ಅಡುಗೆಮನೆಯಲ್ಲಿ ಕಾಫಿ, ಲೆಂಪಿ ಸುಟ್ಟ ಏಲಕ್ಕಿ ಬ್ರೆಡ್ಡು. ಏಲಕ್ಕಿಯ ಘಮ, ಒದ್ದೆ ಕೂದಲು, ಕಿಟಕಿಯ ಗಾಜಿನ ಮೇಲೆ ಮಂಜು. ಇದಕ್ಕಿಂತ ಸುಖ ಎಲ್ಲೋ ಇದೆ ಅಂತ ಯಾರಾದರೂ ಹೇಳಿದರೆ ವೆಸ್ಲಿ ಇವತ್ತಿಗೂ ನಂಬುವುದಿಲ್ಲ.

ಹಾಗಾಗಿ ಅವನು ಓವರ್‌ಟೈಮ್ ಬೇಡವೆನ್ನತೊಡಗಿದ. ಗಣಿಯಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ರೂಬೆನ್ ಕಾಂಗಸ್‌ನ ಮಗ ಭಾನುವಾರದ ಇಮ್ಮಡಿ ಸಂಬಳ ಬಿಡುವುದೆಂದರೇನು?

"ಏನೋ ಇದು, ಲಾಟರಿ ಹೊಡೀತಾ?" ಊಟದ ಕೋಣೆಯಲ್ಲಿ ಮಾರ್ವ್ ಕೇಳಿದ. ಮಾರ್ವ್ ಅವನ ತಂಡದ ಹಿರಿಯ, ಬಾಯಲ್ಲಿ ಯಾವಾಗಲೂ ಮಾಂಸ ತುಂಬಿ ಸುಟ್ಟ ಅರ್ಧ ಪ್ಯಾಸ್ಟಿ.

"ಬೆನ್ನು ನೋವು."

"ಬೆನ್ನು ನೋವಾ, ಕಾರ್ಲೀನ್ ಭಯಾನಾ?"

ಎಲ್ಲರೂ ನಕ್ಕರು, ವೆಸ್ಲಿಯೂ ನಕ್ಕ. ನಿಜ ಹೇಳಬಹುದಿತ್ತು. ಆದರೆ ಸರ್ಕಾರದ ದುಡ್ಡು ಬರಲಿ ಎಂದು ದುಡಿಮೆ ಬಿಡುತ್ತಿದ್ದೇನೆ ಅನ್ನುವ ಮಾತು ಅವನ ಗಂಟಲಿನಿಂದ ಮೇಲೇಳಲಿಲ್ಲ. ಇನ್ನೂ ಕೊಳ್ಳದ ಮನೆಯ ಬಗ್ಗೆ ಬಾಯಿ ಬಿಡುವುದು ಅವರಲ್ಲಿ ಜಂಬ, ಕೈಯಲ್ಲಿ ಕಾಸಿಲ್ಲ ಅನ್ನುವುದು ನಾಚಿಕೆ. ಎರಡರ ನಡುವೆ ಮನುಷ್ಯ ಬೆನ್ನು ನೋವೆಂದು ಸುಳ್ಳು ಹೇಳಿಕೊಂಡು ಬದುಕಬೇಕು.

ಡಿಸೆಂಬರ್‌ನಲ್ಲಿ ತಂಡದ ಡೆಲ್ಬರ್ಟ್ ಹಾಸಿಗೆ ಹಿಡಿದ. ಶ್ವಾಸಕೋಶದ ಆಪರೇಷನ್, ಮೂರು ತಿಂಗಳು ಲಾರಿ ಹತ್ತುವ ಹಾಗಿಲ್ಲ. ಕಾಯಿಲೆಯ ರಜೆ ಎರಡೇ ವಾರಕ್ಕೆ ಮುಗಿಯಿತು. ಆ ಗಣಿಯಲ್ಲಿ ಅಜ್ಜಂದಿರ ಕಾಲದಿಂದ ಒಂದು ಪದ್ಧತಿ ನಡೆದುಬಂದಿದೆ. ಹೀಗಾದಾಗ ತಂಡದವರು ಒಬ್ಬೊಬ್ಬರಾಗಿ ಒಂದೊಂದು ಹೆಚ್ಚಿನ ಶಿಫ್ಟ್ ಮಾಡಿ, ಆ ಸಂಬಳವನ್ನು ಕಾಫಿ ಡಬ್ಬಿಗೆ ಹಾಕಿ ಮಲಗಿದವನ ಮನೆ ಮೆಟ್ಟಿಲ ಮೇಲೆ ಇಟ್ಟು ಬರುತ್ತಾರೆ. ಬಾಗಿಲು ತಟ್ಟುವುದಿಲ್ಲ. ಯಾರು ಎಷ್ಟು ಹಾಕಿದರೆಂದು ಯಾರೂ ಕೇಳುವುದಿಲ್ಲ. ಆದರೆ ಸಂಬಳದ ಚೀಟಿಗೆ ಈ ಪದ್ಧತಿ ಗೊತ್ತಿಲ್ಲ. ದುಡಿದವನ ಹೆಸರಿನಲ್ಲೇ ಆ ಹಣ ಆದಾಯವೆಂದು ದಾಖಲಾಗುತ್ತದೆ.

ಮಾರ್ವ್ ರಟ್ಟಿನ ಮುಚ್ಚಳದ ಮೇಲೆ ಹೆಸರು ಬರೆದುಕೊಂಡು ಬಂದ. "ವೆಸ್, ಇಪ್ಪತ್ತೆಂಟನೇ ತಾರೀಕು, ಭಾನುವಾರ. ಆಗತ್ತಾ? ಬೆನ್ನು..."

ವೆಸ್ಲಿ ಮನಸ್ಸಲ್ಲೇ ಲೆಕ್ಕ ಹಾಕಿದ. ಮಿತಿಗೆ ಉಳಿದಿದ್ದು ಮುನ್ನೂರು ಡಾಲರ್. ಭಾನುವಾರದ ಶಿಫ್ಟ್ ಎಂದರೆ ಐನೂರು ಮೇಲೆ. ಜನವರಿಗೆ ಹಾಕು ಅಂದಿದ್ದರೆ ಮಾರ್ವ್ ಹೆಸರು ಬದಲಿಸುತ್ತಿದ್ದ. ಆದರೆ ಯಾಕೆಂದು ಬಾಯಲ್ಲಲ್ಲದಿದ್ದರೂ ಕಣ್ಣಲ್ಲಿ ಕೇಳುತ್ತಿದ್ದ.

"ಆಗತ್ತೆ" ಎಂದ ವೆಸ್ಲಿ.

ಆ ಭಾನುವಾರ ಮೈನಸ್ ಮೂವತ್ತು ಡಿಗ್ರಿ ಚಳಿ. ಹನ್ನೆರಡು ಗಂಟೆ ಲಾರಿ ಓಡಿಸಿ ಬಂದವನ ಮುಂದೆ ಕಾರ್ಲೀನ್ ತಟ್ಟೆ ಇಟ್ಟಳು. ಫ್ರಿಜ್ ಕಡೆ ಒಮ್ಮೆ ನೋಡಿದಳು, ಅವನ ಕಡೆ ಒಮ್ಮೆ ನೋಡಿದಳು.

"ಜನವರಿ ಅಂತ ಒಂದ್ ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಯಾಕೆ ಅಂತ ಕೇಳ್ತಿದ್ರು."

"ಕೇಳಿದ್ರೆ ಹೇಳೋದು."

"ಏನಂತ ಹೇಳ್ಲಿ? ಆರು ಸಾವಿರದ ಆಸೆಗೆ ಡೆಲ್‌ಗೆ ಕೈ ಕೊಡ್ತಾ ಇದೀನಿ ಅಂತಾನಾ?"

"ನೀನು ಬಾಯಿ ಇಲ್ಲದ ಪ್ರಾಣಿ ಕಣೋ" ಎಂದಳು ಕಾರ್ಲೀನ್. ಅವಳ ಅಜ್ಜ ಸ್ಲೊವೇನಿಯಾದವನು, ಅವರ ಮನೆಯಲ್ಲಿ ಸಿಟ್ಟು ಬಂದರೆ ಪಾತ್ರೆಗಳೂ ಮಾತಾಡುತ್ತವೆ. ಆದರೆ ಆವತ್ತು ಅವಳು ಪಾತ್ರೆ ಕುಕ್ಕಲಿಲ್ಲ. ಕೆಂಪು ಅಂಕಿಯ ಚೀಟಿ ಕಿತ್ತು ಡ್ರಾಯರಿಗೆ ಹಾಕಿ, ಡೆಲ್ಬರ್ಟ್‌ನ ಹೆಂಡತಿಗೆಂದು ಒಂದು ಪಾತ್ರೆ ಸೂಪು ಕಟ್ಟಿಕೊಟ್ಟಳು.

ಜನವರಿ ಕೊನೆಗೆ ಗಣಿಯಿಂದ ವರ್ಷದ ಆದಾಯದ ಪತ್ರ ಬಂತು. ಇಬ್ಬರದೂ ಕೂಡಿಸಿದರೆ ಮಿತಿಗಿಂತ ಇನ್ನೂರ ಹನ್ನೆರಡು ಡಾಲರ್ ಹೆಚ್ಚು.

ಅದಾದ ಮೇಲೆ ವೆಸ್ಲಿ ಮಾಡಿದ್ದು ತನ್ನ ಜೀವಮಾನದ ದೊಡ್ಡ ದಡ್ಡತನ. ಅವನು ಲೆಂಪಿಯ ಸೌನಾಕ್ಕೆ ಹೋಗುವುದನ್ನೇ ಬಿಟ್ಟುಬಿಟ್ಟ. ಬೇಕು ಅಂದ ಬಾಯಲ್ಲೇ ಆಗುವುದಿಲ್ಲ ಅನ್ನಬೇಕಲ್ಲ, ಯಾವ ಮುಖ ಇಟ್ಟುಕೊಂಡು ಹೋಗುವುದು? ಫೆಬ್ರವರಿಯ ಶನಿವಾರಗಳು ಹೋದವು, ಮಾರ್ಚಿನವೂ ಹೋದವು. ಸಂಜೆ ಹೊತ್ತಿಗೆ ಲೆಂಪಿಯ ಹಿತ್ತಲಿನ ಹೊಗೆ ಅವನ ಕಿಟಕಿಗೆ ಕಾಣುತ್ತಿತ್ತು. ಅವನು ಟಿವಿಯ ಕಡೆ ತಿರುಗಿ ಕೂರುತ್ತಿದ್ದ. ಲೆಂಪಿ ಫೋನ್ ಮಾಡಲಿಲ್ಲ. ಮಾಡುವವಳೂ ಅಲ್ಲ. ಬಾರದವನನ್ನು ಯಾಕೆ ಬರಲಿಲ್ಲವೆಂದು ಕೇಳುವುದು ಅವಳ ಪ್ರಕಾರ ಬೇರೆಯವರ ಜೇಬಿಗೆ ಕೈ ಹಾಕಿದ ಹಾಗೆ.

ಏಪ್ರಿಲ್‌ನಲ್ಲಿ ರಾಜಧಾನಿಯ ದೊಡ್ಡವರು ಮಿತಿ ತೀರಾ ಕಡಿಮೆಯಾಯಿತೆಂದು ಮಾತಾಡಿಕೊಂಡು ಎಪ್ಪತ್ತೈದು ಸಾವಿರಕ್ಕೆ ಏರಿಸಿದರು. ಕಾರ್ಲೀನ್ ಪೇಪರ್ ಹಿಡಿದು ಗಣಿಯ ಗೇಟಿಗೇ ಓಡಿಬಂದಳು. ಪಾಸಾದ ಮೇಲೆ ಲೆಂಪಿಯ ಬಳಿಗೆ ಹೋದರಾಯಿತೆಂದುಕೊಂಡ ವೆಸ್ಲಿ. ಮೂರೇ ವಾರ, ಮಸೂದೆಗೆ ಹಣವಿಲ್ಲವೆಂದು ಅದನ್ನೇ ಮಡಚಿ ಮೂಲೆಗಿಟ್ಟರು. ವೆಸ್ಲಿ ಹಿಂದಿನ ಶರತ್ಕಾಲವೆಲ್ಲ ಬೇಡವೆಂದು ಬಿಟ್ಟ ಭಾನುವಾರಗಳನ್ನು ದುಡಿದಿದ್ದರೆ, ಅದೇ ಮುಂಗಡವಾಗುತ್ತಿತ್ತು. ಅಂಗೈಯಲ್ಲಿ ಆಕಾಶ ತೋರಿಸುವುದು ಅಂದರೆ ಇದೇ. ತೋರಿಸಿದವರಿಗೆ ಅದರ ನೆನಪೂ ಇದ್ದಿರಲಿಕ್ಕಿಲ್ಲ.

ಮೇ ಎರಡನೆಯ ವಾರ ಹಸಿರು ಮನೆಯ ಮುಂದೆ 'ಮಾರಾಟವಾಗಿದೆ' ಎಂಬ ಹಲಗೆ ನಿಂತಿತು. ಮೀನು ಹಿಡಿಯಲು ವಾರಾಂತ್ಯಕ್ಕೆ ಬಂದುಹೋಗುವ ಮಿನಿಯಾಪೊಲಿಸ್‌ನ ಹಲ್ಲಿನ ಡಾಕ್ಟರೊಬ್ಬ ಕೊಂಡಿದ್ದ. ಅದೇ ಸಂಜೆ ಲೆಂಪಿಯ ಫೋನ್ ಬಂತು.

"ವೆಸ್, ನಿನ್ನ ಪಿಕಪ್ ಖಾಲಿ ಇದ್ಯಾ? ಸ್ವಲ್ಪ ಸಾಮಾನು ಡುಲೂತ್‌ಗೆ ಹಾಕ್ಬೇಕಿತ್ತು."

ಅವನು ಹೋದಾಗ ಅಡುಗೆಮನೆಯಲ್ಲಿ ಡಬ್ಬಗಳ ನಡುವೆ ಎರಡೇ ಲೋಟ, ಒಂದು ತಟ್ಟೆ ಏಲಕ್ಕಿ ಬ್ರೆಡ್ಡು ಹೊರಗಿದ್ದವು. ಕಾಫಿ ಬಗ್ಗಿಸಿ, ಹವಾಮಾನದ ಮಾತಾಡಿ, ಸರೋವರದ ಮಂಜುಗಡ್ಡೆ ಈ ಸಲ ತಡವಾಗಿ ಒಡೆಯಿತು ಅನ್ನುವುದನ್ನು ಇಬ್ಬರೂ ಒಪ್ಪಿದ ಮೇಲೆ ಲೆಂಪಿ ಕೇಳಿದಳು.

"ಮನೆ ಬೇಡ ಅನ್ನಿಸ್ತಾ ನಿಂಗೆ?"

ಆಗ ವೆಸ್ಲಿ ಎಲ್ಲವನ್ನೂ ಹೇಳಿದ. ಆರು ಸಾವಿರ, ಫ್ರಿಜ್ಜಿನ ಮೇಲಿನ ಅಂಕಿ, ಇನ್ನೂರ ಹನ್ನೆರಡು ಡಾಲರ್. ಹೇಳುವ ಅಗತ್ಯ ಮುಗಿದ ಮೇಲೆ ಮಾತು ಎಷ್ಟು ಸಲೀಸು. ಲೆಂಪಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು.

"ಯಾವ ಶಿಫ್ಟ್ ಅಂದೆ ಅದು?"

"ಡೆಲ್‌ಗೆ ಮಾಡಿದ್ದು. ಡಿಸೆಂಬರ್ ಇಪ್ಪತ್ತೆಂಟು."

ಲೆಂಪಿ ಕಿಟಕಿಯಾಚೆ ಸೌನಾದ ಕಡೆ ತಿರುಗಿದಳು. "ನಮ್ಮನೆಯವ್ರ ಕಾಲು ಮುರಿದಿತ್ತಲ್ಲ, ನೀನಿನ್ನೂ ತೊಟ್ಟಿಲಲ್ಲಿದ್ದೆ. ನಿಮ್ಮಪ್ಪ ಹನ್ನೊಂದು ಶಿಫ್ಟ್ ಮಾಡಿದ್ದ. ಬೇರೆಯವ್ರೆಲ್ಲ ಒಂದೊಂದು, ಅವನು ಹನ್ನೊಂದು. ಹೇಳ್ಲಿಲ್ಲ ಅವನು. ಡಬ್ಬಿಗೆ ಹಾಕೋ ನೋಟನ್ನ ನಾಲ್ಕು ಮಡಿಕೆ ಮಾಡ್ತಿದ್ದ, ಅದ್ರಲ್ಲೇ ಗೊತ್ತಾಗ್ತಿತ್ತು ನಂಗೆ. ಇಲ್ಲದಿದ್ರೆ ಈ ಮನೆ ಆವತ್ತೇ ಬ್ಯಾಂಕಿನವ್ರ ಪಾಲಾಗ್ತಿತ್ತು."

ವೆಸ್ಲಿಗೆ ಇದು ಗೊತ್ತಿರಲಿಲ್ಲ. ಅಪ್ಪ ಸತ್ತು ಆರು ವರ್ಷವಾಗಿತ್ತು.

"ಮುಂಗಡ ಯಾರು ಕೇಳಿದ್ರೋ ನಿನ್ನ?" ಎಂದಳು ಲೆಂಪಿ. "ರೂಬೆನ್ ಮಗನ ಹತ್ರ ನಾನು ಮುಂಗಡ ಇಸ್ಕೊಳ್ತಿದ್ನಾ? ತಿಂಗಳು ತಿಂಗಳು ಆದಷ್ಟು ಕೊಡು ಅಂತಿದ್ದೆ. ಮೇ ಎಂಟರವರೆಗೂ ಕಾದೆ ಕಣೋ. ನೀನು ಸೌನಾಕ್ಕೂ ಬರ್ಲಿಲ್ಲ. ಬೇಡವೇನೋ, ಹೇಳೋಕೆ ಸಂಕೋಚವೇನೋ ಅನ್ಕೊಂಡೆ."

"ನೀವು ಕೇಳ್ಬಹುದಿತ್ತು ಮುಮ್ಮು."

"ಕೇಳ್ಬಹುದಿತ್ತು" ಎಂದಳು ಲೆಂಪಿ. ಅವಳ ಕಣ್ಣಲ್ಲಿ ನೀರಿತ್ತು. ವೆಸ್ಲಿ ಅದನ್ನು ನೋಡಬಾರದೆಂದು ತಟ್ಟೆಯ ಕಡೆ ಬಗ್ಗಿದ. ಏಲಕ್ಕಿ ಬ್ರೆಡ್ಡನ್ನು ಚೂರು ಮಾಡುತ್ತಾ ಕೂತ.

ಸಾಮಾನೆಲ್ಲ ಪಿಕಪ್ಪಿಗೆ ಏರಿಸಿದ ಮೇಲೆ ಲೆಂಪಿ ಎರಡು ಕಬ್ಬಿಣದ ಬಕೆಟ್ ತಂದು ಅವನ ಕೈಗಿಟ್ಟಳು. "ಒಲೆ ಮೇಲಿನ ಕಲ್ಲು ತಗೊಂಡ್ಹೋಗು. ಅದು ಕ್ರಯಪತ್ರದಲ್ಲಿ ಬರ್ದಿಲ್ಲ. ಎಯ್ನೊ, ನಿಮ್ಮಪ್ಪ ಇಬ್ರೂ ಸರೋವರದ ದಡದಿಂದ ಹೊತ್ತು ತಂದಿದ್ದು. ಹಲ್ಲಿನ ಡಾಕ್ಟ್ರು ಬೇಕಿದ್ರೆ ಬೇರೆ ಹುಡುಕ್ಕೊಳ್ಲಿ."

ಲೆಂಪಿ ಡುಲೂತ್‌ನಲ್ಲಿ ಐದು ವರ್ಷ ಇದ್ದು ತೀರಿಕೊಂಡಳು. ವೆಸ್ಲಿ ಕಾರ್ಲೀನ್ ಭಾನುವಾರಗಳನ್ನು ದುಡಿದೇ ಊರಾಚೆ ಒಂದು ಮನೆ ಮಾಡಿಕೊಂಡರು. ನೆಲ ವಾಲಿಲ್ಲ, ಮಾಡು ಸೋರುವುದಿಲ್ಲ. ಒಳ್ಳೆಯ ಮನೆಯೇ. ಹಿತ್ತಲಿನಲ್ಲಿ ವೆಸ್ಲಿ ಮೊದಲು ಕಟ್ಟಿದ್ದು ಸೌನಾ, ಒಲೆಯ ಮೇಲೆ ಇಟ್ಟಿದ್ದು ಆ ಎರಡು ಬಕೆಟ್ ಕಲ್ಲು. ಶನಿವಾರ ಹಳೆಯ ಬೀದಿಯವರು, ಗಣಿಯವರು ಬರುತ್ತಾರೆ. ಬಾರದವರಿಗೆ ವೆಸ್ಲಿಯೇ ಫೋನ್ ಮಾಡಿ ಯಾಕೆ ಬರಲಿಲ್ಲವೆಂದು ಕೇಳುತ್ತಾನೆ. ಕೆಲವರಿಗೆ ಇದು ಅತಿಯೆನಿಸುತ್ತದೆ. ಅನ್ನಿಸಲಿ, ಅವನು ಬಿಡುವುದಿಲ್ಲ.

ಡೆಲ್ಬರ್ಟ್ ಒಂದು ವಾರವೂ ತಪ್ಪಿಸುವುದಿಲ್ಲ. ಎದೆಯ ಮೇಲೆ ಆಪರೇಷನ್ನಿನ ಉದ್ದ ಗೀರು, ಆದರೂ ಮೇಲಿನ ಹಲಗೆಯೇ ಬೇಕು ಅವನಿಗೆ. ವರ್ಷಕ್ಕೊಮ್ಮೆಯಾದರೂ ಅವನು ಅದೇ ಪ್ರಶ್ನೆ ಎತ್ತುತ್ತಾನೆ. ಮೊನ್ನೆಯೂ ಎತ್ತಿದ.

"ಅಲ್ಲ ಮಾರಾಯ, ಲೆಂಪಿಯ ಆ ಹಸಿರು ಮನೆ ಸಿಗೋ ಹಾಗಿತ್ತಲ್ಲ ನಿಂಗೆ, ಯಾಕೆ ಬಿಟ್ಟೆ?"

ಎಲ್ಲದಕ್ಕೂ ಬಾಯಿ ಬಿಡುವುದನ್ನು ಕಲಿತ ವೆಸ್ಲಿ ಇದೊಂದಕ್ಕೆ ಮಾತ್ರ ಬಿಡುವುದಿಲ್ಲ.

"ಆಗ್ಲಿಲ್ಲ ಆಗ" ಎಂದು ಹೇಳಿ, ಸೌಟು ತುಂಬಿ ಅಪ್ಪನ ಕಲ್ಲುಗಳ ಮೇಲೆ ನೀರು ಹೊಯ್ದ.