ಇನ್ನೊಂದು ಬಂಡಿ ಮಣ್ಣು

ಎರಡು ಗೇಣು ಅಗೆಯುವಷ್ಟರಲ್ಲಿ ಹಾರೆ ಠಣ್ ಎಂದಿತು. ದ್ಯಾವಪ್ಪ ಅದನ್ನು ಕಿತ್ತು ಒಂದು ಮೊಳ ಆಚೆ ಹಾಕಿದ. ಅಲ್ಲೂ ಠಣ್. ಬಗ್ಗಿ ಕೈಯಿಂದ ಮಣ್ಣು ಬಳಿದು ನೋಡಿದರೆ ಕೆಳಗೆ ಬಿಳಿಚಿಕೊಂಡ ಗರಸು, ಹರಳು ಬೆರೆತ ಗಟ್ಟಿ ನೆಲ.

"ಕಲ್ಲು ಹತ್ತಿತೇನೋ?" ಬೇವಿನ ಗಿಡದ ನೆರಳಿಗೆ ಕೂತು ಬೀಡಿ ಸೇದುತ್ತಿದ್ದ ಶಫೀಸಾಬ ಕೇಳಿದ.

"ಕಲ್ಲಲ್ಲ ಮಾಮಾ, ಗರಸು."

"ಎರಿ ಹೊಲದಾಗ ಗರಸು ಎಲ್ಲಿಂದ ಬರಬೇಕು? ನಿಮ್ಮಜ್ಜಿ ಸತ್ತಾಗ ಇಲ್ಲೇ ಕುಣಿ ತಗದಾಂವ ನಾನು. ಎದಿಮಟ ಹೋದ್ರೂ ಕರೇ ಮಣ್ಣು, ಬೆಣ್ಣಿ ಹಂಗ. ನಿಮಗ ಹಾರಿ ಹಿಡಿಯಾಕ ಬರೂದಿಲ್ಲ. ಸರಿ ಅತ್ತಾಗ."

ಶಫೀಸಾಬ ಬೀಡಿ ಹೊಸಕಿ ಎದ್ದು ಬಂದು ತಾನೇ ಹಾಕಿದ. ಎರಡು ಏಟಿಗೆ ಕೈ ಜುಮ್ಮೆಂದಿತು. ಹಾರೆಯ ಮೇಲೆ ಗಲ್ಲ ಊರಿ ಸುತ್ತ ಕಣ್ಣಾಡಿಸಿದ. ಬೇವಿನ ಗಿಡದ ಬುಡದಲ್ಲಿ ದ್ಯಾವಪ್ಪನ ಅಜ್ಜಿಯ ಸಮಾಧಿ ಇತ್ತು. ಅದರ ಸುತ್ತಲಿನ ಮೊಳದಷ್ಟು ನೆಲ ಕಟ್ಟೆಯ ಹಾಗೆ ಎದ್ದು ನಿಂತಿತ್ತು. ಉಳಿದ ಹೊಲವೆಲ್ಲ ಅದಕ್ಕಿಂತ ಸೊಂಟದಷ್ಟು ತಗ್ಗು.

"ಅಲ್ಲೋ ದ್ಯಾವ, ನಿಮ್ಮಜ್ಜಿ ಎತ್ತರಾದಳೋ, ಹೊಲ ತಗ್ಗಾತೋ?"

ದ್ಯಾವಪ್ಪ ನಗಲಿಲ್ಲ. ಸತ್ತವನು ಅವನ ಕಾಕಾ ಓಬಳೆಪ್ಪ. ನಸುಕಿನಲ್ಲಿ ಎತ್ತಿಗೆ ಮೇವು ಹಾಕಲು ಹೋದವನು ಗ್ವಾದಲಿಯ ಪಕ್ಕಕ್ಕೇ ಕುಸಿದಿದ್ದ. ಮಕ್ಕಳಿಲ್ಲ. ಮಣ್ಣು ಮಾಡಬೇಕಾದವನು ದ್ಯಾವಪ್ಪನೇ. ತನ್ನವ್ವನ ಬಾಜೂಕೇ ಇಡಬೇಕು ಅಂತ ಓಬಳೆಪ್ಪ ಹೆಂಡತಿಗೆ ಹೇಳಿಕೊಂಡೇ ಬಂದಿದ್ದ. ಹೊತ್ತು ಮುಳುಗುವುದರೊಳಗೆ ಕುಣಿ ಆಗಬೇಕಿತ್ತು.

ಒಡ್ಡು ಇಳಿದು ಪಂಪಣ್ಣ ನೀರಿನ ಕೊಡ ತಂದ. ಮೇಲಿನ ಹೊಲದವನು.

"ಏನ್ರಪಾ, ಹೊತ್ತು ನೆತ್ತಿಗೆ ಬಂತು, ಇನ್ನೂ ಕೋಳಿ ಕೆದರಿದಂಗ ಕೆದರಾಕ ಹತ್ತೀರಿ?"

"ನೀನ ಬಂದು ನೋಡು," ಎಂದ ಶಫೀಸಾಬ.

ಪಂಪಣ್ಣ ನೋಡಿದ. ಕೊಡ ಕೆಳಗಿಟ್ಟು ಒಂದು ಹಿಡಿ ಗರಸು ತೆಗೆದು ಮತ್ತೆ ನೋಡಿದ. ಆಮೇಲೆ ಅಜ್ಜಿಯ ಸಮಾಧಿ ನೋಡಿದ, ತನ್ನ ಹೊಲ ನೋಡಿದ. ಬೆಳಿಗ್ಗೆ ಸತ್ತವನ ಮನೆಯ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಯ ಮುಂದೆ, "ಓಬಳೆಣ್ಣ ಛಲೋ ಮನಿಷಾ, ಆದ್ರ ಬರಬರತಾ ಒಕ್ಕಲತನದಾಗ ಮೈಗಳ್ಳ ಆಗಿದ್ದ. ಅಂಥಾ ಹೊಲದಾಗ ಮೊಣಕಾಲುದ್ದ ಜೋಳ ಬೆಳೆಯೂದಂದ್ರ!" ಎಂದಿದ್ದ. ಮಂದಿಯೂ ಹೌದೌದು ಎಂದಿದ್ದರು.

* * *

ತುರ್ತು ಪರಿಸ್ಥಿತಿಯ ವರ್ಷ ಉತ್ತರಿ ಮಳೆ ಹಗಲು ರಾತ್ರಿ ಹಿಡಿಯಿತು. ತಳಕಲ್ಲಿನ ಕಡೆಯಿಂದ ಹಳ್ಳ ಬಂದದ್ದು ಊರಿಗೆ ಗೊತ್ತಾಗುವುದರೊಳಗೆ ಪಂಪಣ್ಣನ ಹೊಲದ ಒಡ್ಡು ಒಡೆದಿತ್ತು. ಊರ ಅಂಚಿನ ಅವನ ಮನೆಯ ಹಿಂದಿನ ಗೋಡೆ ಬಿತ್ತು. ಹಗೇವಿಗೆ ನೀರು ನುಗ್ಗಿ, ನೆಲದೊಳಗಿಟ್ಟ ವರ್ಷದ ಜೋಳ ಹುಳಿ ನಾತ ಹೊಡೆಯಿತು. ನೀರು ಇಳಿದ ಮೇಲೆ ಹೊಲಕ್ಕೆ ಹೋದರೆ ಹೊಲವೇ ಇರಲಿಲ್ಲ. ಮಣ್ಣೆಲ್ಲ ಬಳಿದುಕೊಂಡು ಹೋಗಿ ಗರಸು ಹಲ್ಲು ಕಿಸಿದಿತ್ತು.

ಕೆಳಗಿನ ಓಬಳೆಪ್ಪನ ಒಡ್ಡು ಮಾತ್ರ ಜಗ್ಗಿರಲಿಲ್ಲ. ಮೇಲಿಂದ ಬಂದ ಮಣ್ಣು ಅಲ್ಲಿ ನಿಂತು ಅವನ ಹೊಲದ ತಗ್ಗಿನ ಕಡೆಯೆಲ್ಲ ಆಳೆತ್ತರ ತುಂಬಿತ್ತು. ಹಳ್ಳ ತಂದು ಹಾಕಿದ್ದು ಯಾರ ಹೊಲದಲ್ಲಿ ಬಿತ್ತೋ ಅವರಿಗೇ ಸೇರಿದ್ದು ಅನ್ನುವುದು ಆ ಸೀಮೆಯ ವಾಡಿಕೆ. "ನಿನ್ನ ದೈವ ತಗೀತೋ ಓಬಳೆಪ್ಪ," ಎಂದು ಮಂದಿ ಬೆನ್ನು ಚಪ್ಪರಿಸಿದರು.

ಪಂಪಣ್ಣ, ಅವನ ಹೆಂಡತಿ ಯಮನೂರಮ್ಮ, ಎರಡು ಕೂಸು ಓಬಳೆಪ್ಪನ ದನದ ಕೊಟ್ಟಿಗೆಗೆ ಬಂದು ಉಳಿದರು. ಒಂದು ಮುಂಜಾನೆ ಯಮನೂರಮ್ಮ ಭಾಂಡೆ ಗಂಟು ಕಟ್ಟಿದಳು.

"ಎಲ್ಲಿಗೆ ಹೊಂಟಿ?" ಓಬಳೆಪ್ಪನ ಹೆಂಡತಿ ಹೊಳಿಯಮ್ಮ ಕೇಳಿದಳು.

"ಕಾರಟಗಿಗೆ ಯಕ್ಕ. ನೆಲ್ಲು ನಾಟಿಗೆ ಆಳು ಬೇಕಂತ. ಇವರು ಎತ್ತು ಮಾರಿ ಹಿಂದಿಂದ ಬರ್ತಾರ. ಮಣ್ಣಿಲ್ಲದ ಹೊಲ ಕಾಯ್ಕೊಂತ ಕುಂತು ಏನ ಮಾಡೂದು?"

ಎತ್ತಿನ ಹಗ್ಗ ಹೊಸೆಯುತ್ತಿದ್ದ ಓಬಳೆಪ್ಪ ತಲೆ ಎತ್ತಲಿಲ್ಲ. "ಗಂಟು ಬಿಚ್ಚವ್ವ. ಬ್ಯಾಸಿಗಿ ಬರಲಿ, ನೆಲ ಒಣಗಲಿ. ಮಣ್ಣು ಹೋದ ದಾರೀಲೆ ತಿರುಗಿ ತಂದರಾತು," ಎಂದ.

* * *

ಮನೆಯ ಪಡಸಾಲೆಯಲ್ಲಿ ಓಬಳೆಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹತ್ತಿರದ ಮಂಗಳೂರು ಹಳ್ಳಿಯ ಬೀಗರು ಮಧ್ಯಾಹ್ನದ ಬಸ್ಸಿಗೆ ಬಂದಿದ್ದರು. ಓಣಿಯ ಹಿರಿಯಳು ಮುದುಕವ್ವ ಹೆಣದ ಮುಂದೆ ಕೂತು ಅಳುವುದು, ಮಾತಾಡುವುದು ಎರಡನ್ನೂ ಒಟ್ಟಿಗೆ ನಡೆಸಿದ್ದಳು.

"ಒಂದಿನ ದನಿ ಎತ್ತರಿಸಲಿಲ್ಲ ನೋಡವ್ವ. ಹೆಂಡ್ತಿ ಬಾಯಿ ಮಾಡಿದ್ರ ಎತ್ತಿಗೆ ನೀರು ಕುಡಿಸಾಕ ಎದ್ದು ಹೋಗಾಂವ. ಆ ಎತ್ತು ದಿನಕ್ಕ ಎಷ್ಟ ಸಲ ನೀರು ಕುಡಿದಾವೋ!"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹೊಳಿಯಮ್ಮನ ಮುಖದಲ್ಲೂ ಒಂದು ಗೆರೆ ಸಡಿಲಾಯಿತು.

ದ್ಯಾವಪ್ಪ ಒಳಗೆ ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಪಂಪಣ್ಣ ಬಾಗಿಲಲ್ಲೇ ನಿಂತ.

"ಚಿಗವ್ವ, ಸಿಟ್ಟಾಗಬ್ಯಾಡ. ಊರ ಸುಡುಗಾಡಿಗೇ ಒಯ್ಯೂಣು. ಹೊಲದಾಗ ಎಲ್ಲಿ ಹಾಕಿದ್ರೂ ಗರಸು ಬರತೈತಿ."

"ನನಗ ಗೊತ್ತೈತಿ."

"ಗೊತ್ತೈತಾ?"

"ಹಾರಿ ಹಚ್ಚಿದ್ರ ಇಳೀತೈತಿ. ನಾಕು ಮಂದಿ ಬಡೀರಿ."

"ಬಡಿದು ಇಳಸ್ತೀವಿ. ಮ್ಯಾಲೆ ಮುಚ್ಚೂದೇನು? ಗರಸು ಬಿಗೀ ಕೂಡಂಗಿಲ್ಲ. ಎರಡು ದಿನಕ್ಕ ನರಿ ಕೆದರತಾವು."

ಬಾಗಿಲಿನಿಂದ ಪಂಪಣ್ಣ, "ಯಕ್ಕ, ನಿಮ್ಮ ಹೊಲದ ಮಣ್ಣು ಎಲ್ಲಿ ಹೋತು?" ಎಂದ.

"ನೀ ಹರವಿಲ್ಲೇನು? ಎಲ್ಲಿ ಹೋತಂತ ನನ್ನ ಕೇಳ್ತಿ."

* * *

ಆ ಬೇಸಿಗೆಯೆಲ್ಲ ಮಣ್ಣು ಹೇರಿದ್ದರು. ಕೆಳಗೆ ಓಬಳೆಪ್ಪ ಅಗೆಯುವುದು, ಹೊಳಿಯಮ್ಮ ಬುಟ್ಟಿಯಲ್ಲಿ ತುಂಬಿ ಬಂಡಿಗೆ ಹಾಕುವುದು. ಮೇಲೆ ಪಂಪಣ್ಣ, ಯಮನೂರಮ್ಮ ಹರಡುವುದು. ನಡುವೆ ಒಡ್ಡಿನ ದಾರಿ ಚಕ್ರ ಉರುಳಿ ಉರುಳಿ ನುಣ್ಣಗಾಗಿತ್ತು.

ಒಂದು ದಿನ ಹೊಳಿಯಮ್ಮನ ಬುಟ್ಟಿಗೆ ಕೊಳೆತ ಹೆಸರಿನ ಬಳ್ಳಿ ಬಂತು. ನೆರೆ ಬರುವ ಮುಂಚೆ ತಾನೇ ಕಾಯಿ ಬಿಡಿಸಿದ ಬಳ್ಳಿ. ಅವಳು ಅದನ್ನು ಗಂಡನ ಮುಂದೆ ಹಿಡಿದಳು.

"ಇಲ್ನೋಡು. ಇದು ನಮ್ಮ ಹೊಲದ ಮೈ. ಅವರ ಮಣ್ಣು ಮುಗೀತು. ಸಾಕು ಬಿಡಿನ್ನ."

ಓಬಳೆಪ್ಪ ಬಳ್ಳಿ ಕೊಡವಿ ಒಡ್ಡಿನ ಆಚೆ ಒಗೆದ. ಕೈ ಅಡ್ಡ ಹಿಡಿದು ಮೇಲಿನ ಹೊಲ ನೋಡಿದ. ಅಲ್ಲಿ ಇನ್ನೂ ನಡುನಡುವೆ ಬಿಳಿ ಕಾಣುತ್ತಿತ್ತು.

"ಅರ್ಧ ಮಣ್ಣು ಹೊಳೀಗೆ ಹೋಗೈತಿ. ಇಷ್ಟರಾಗ ಬೇರು ಇಳಿಯಂಗಿಲ್ಲ. ಇನ್ನೊಂದು ಬಂಡಿ."

"ಅದು ನಮ್ಮದೋ!"

"ಇನ್ನೊಂದು ಬಂಡಿ ಹೊಳಿಯಮ್ಮ. ಆಮ್ಯಾಲೆ ಬಿಡೂಣು."

ಮಳೆ ಬೀಳುವತನಕ ಅದೇ ಮಾತು ನಡೆಯಿತು. ತಾಯಿಯ ಸಮಾಧಿಯ ಸುತ್ತ ಮಾತ್ರ ಅವನು ಗುದ್ದಲಿ ಹಚ್ಚಲಿಲ್ಲ. ಬಳ್ಳಿ ಸಿಕ್ಕ ಸಂಜೆ ಹೊಳಿಯಮ್ಮ ಬಾಯಿ ಮಾಡಿದಳು. ಅವನು ಎತ್ತಿಗೆ ನೀರು ಕುಡಿಸಲು ಎದ್ದು ಹೋದ.

* * *

"ನಮ್ಮ ಹೊಲದಾಗ ಇಡೂಣು ಯಕ್ಕ," ಎಂದ ಪಂಪಣ್ಣ. "ಎದಿಮಟ ಮಣ್ಣೈತಿ. ಅವನದ ಐತಿ."

"ಬ್ಯಾಡ. ನಡು ಹೊಲದಾಗ ಇಟ್ರ ಬಿತ್ತೂವಾಗೆಲ್ಲ ನೀ ಕೂರಿಗಿ ಎತ್ತಿ ತಿರುಗಬೇಕಾಗತೈತಿ. ಮಂದಿಗೆ ಅಡ್ಡ ಬರೂದು ಅಂವಗ ಆಗತಿರಲಿಲ್ಲ." ಅವಳು ಗಂಡನ ಹೆಗಲಿನಿಂದ ಜಾರಿದ್ದ ಟವೆಲು ಸರಿಮಾಡಿದಳು. "ಅವ್ವನ ಬಾಜೂಕ ಅಂದಾನ. ಅಲ್ಲೇ."

ಪಂಪಣ್ಣ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಬಂಡಿ ಓಣಿ ದಾಟಿದ ಸಪ್ಪಳ ಕೇಳಿತು.

ಹಲಗೆಯ ಬಡಿತದ ಹಿಂದೆ ಹೆಣ ಹೊಲಕ್ಕೆ ಬರುವಷ್ಟರಲ್ಲಿ ಕುಣಿ ಸೊಂಟದಾಳ ಇಳಿದಿತ್ತು. ಶಫೀಸಾಬ ಒಡೆದ ಅಂಗೈಗೆ ಅರಿವೆ ಸುತ್ತಿಕೊಂಡಿದ್ದ. ಕುಣಿಯ ಸುತ್ತ ಬಿಳಿ ಗರಸಿನ ರಾಶಿ. ಅದರಾಚೆ ಪಂಪಣ್ಣನ ಬಂಡಿ, ತುಂಬ ಕರಿಮಣ್ಣು. ಯಮನೂರಮ್ಮ ಬುಟ್ಟಿ ಹಿಡಿದು ನಿಂತಿದ್ದಳು.

ಓಬಳೆಪ್ಪನನ್ನು ಇಳಿಸಿದರು. ಹೊಳಿಯಮ್ಮ ಮೊದಲು, ಆಮೇಲೆ ದ್ಯಾವಪ್ಪ, ಆಮೇಲೆ ಬಂದವರೆಲ್ಲ ಬಂಡಿಯಿಂದಲೇ ಒಂದೊಂದು ಹಿಡಿ ತೆಗೆದು ಹಾಕಿದರು. ಗರಸನ್ನು ಯಾರೂ ಮುಟ್ಟಲಿಲ್ಲ. ಬಂಡಿ ಬರಿದಾಯಿತು. ಪಂಪಣ್ಣ ಮತ್ತೆ ತುಂಬಿಕೊಂಡು ಬಂದ. ಕುಣಿ ಮುಚ್ಚಿತು. ಮತ್ತೆ ತಂದ. ಯಮನೂರಮ್ಮ ಬುಟ್ಟಿಯ ತಳದಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದಳು.

ಹೊತ್ತು ಇಳಿಯಿತು. ಬೀಗರು ಬಸ್ಸಿನ ಮಾತಾಡುತ್ತ ಹೊರಟರು. ಮುದುಕವ್ವ ಹೊಳಿಯಮ್ಮನ ತೋಳು ಹಿಡಿದಳು. "ನಡಿಯವ್ವ. ಶಫೀಸಾಬನ ಮನಿಯಾಕಿ ಹಜರತಬೀ ರೊಟ್ಟಿ ತಂದು ಇಟ್ಟಾಳ. ಒಂದು ತುತ್ತು ತಿನ್ನು."

ಪಂಪಣ್ಣ ಖಾಲಿ ಬಂಡಿಯನ್ನು ಮತ್ತೆ ಒಡ್ಡಿನ ಕಡೆಗೆ ತಿರುಗಿಸುತ್ತಿದ್ದ.

"ಸಾಕು ಬಿಡೋ ಪಂಪಣ್ಣ," ಎಂದಳು ಹೊಳಿಯಮ್ಮ. "ಮುಚ್ಚೈತಿ."

"ಇನ್ನೊಂದು ಬಂಡಿ ಯಕ್ಕ."

ಹೊಳಿಯಮ್ಮ ಮುದುಕವ್ವನ ಕೈಯಿಂದ ತೋಳು ಬಿಡಿಸಿಕೊಂಡು ಬೇವಿನ ಬುಡಕ್ಕೆ ಕೂತಳು. ಗುಡ್ಡೆ ಈಗ ಅತ್ತೆಯ ಸಮಾಧಿಯ ಮಟ್ಟಕ್ಕೆ ಬಂದಿತ್ತು, ಹೊಲ ಒಂದು ಕಾಲಕ್ಕೆ ಎಷ್ಟೆತ್ತರ ಇತ್ತೋ ಅಷ್ಟಕ್ಕೆ. ಬಂಡಿ ಒಡ್ಡು ಹತ್ತಿ ಮೇಲಿನ ಹೊಲಕ್ಕೆ ಹೋಯಿತು. ತುಂಬಿಕೊಂಡು ಇಳಿಯಿತು. ಈ ಸಲ ಪಂಪಣ್ಣ ಗುಡ್ಡೆಯ ಹತ್ತಿರ ಬರಲಿಲ್ಲ. ಹೊಲದ ತಗ್ಗಿನ ಮೂಲೆಗೆ ಎತ್ತು ಹೊಡೆದು, ಅಲ್ಲಿ ಬಂಡಿ ಬರಿದು ಮಾಡಿದ. ಹೆಂಡತಿ ಅದನ್ನು ಹರಡತೊಡಗಿದಳು. ಬಂಡಿ ಮತ್ತೆ ಒಡ್ಡು ಹತ್ತಿತು.