ದೇವಿರಮ್ಮನ ಪದದ ಬೀಗ

ಮದ್ದೂರು ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೊ ಸ್ಟುಡಿಯೊ ಇಟ್ಟಿರುವ ಮುಸರತ್‌ಗೆ ಅವತ್ತು ಕೈಕಾಲೇ ಆಡಲಿಲ್ಲ. ಕೊಪ್ಪದ ಚಂದನಳಿಗೆ ನಾಳಿದ್ದು ಮಳವಳ್ಳಿಯಲ್ಲಿ ಮದುವೆ. ಹಸೆಗೆ ಕೂರುವಾಗ, ತೀರಿಹೋದ ಅಜ್ಜಿ ದೇವಿರಮ್ಮನ ದನಿಯಲ್ಲೇ ಸೋಬಾನೆ ಕೇಳಬೇಕೆಂದು ಆ ಹುಡುಗಿಗೆ ಆಸೆ. ಆ ದನಿಯನ್ನು ರೆಕಾರ್ಡ್ ಮಾಡಿಟ್ಟವಳು ಮುಸರತ್. ಇಟ್ಟ ಜಾಗಕ್ಕೆ ಬೀಗವಿತ್ತು, ಬೀಗದ ಕೈ ಕಳೆದಿತ್ತು.

ಮೊದಲು ಅವಳ ಸರಕೆಲ್ಲ ಒಂದು ದೊಡ್ಡ ಕಂಪನಿಯ ಕ್ಲೌಡಿನಲ್ಲಿತ್ತು. ಅಲ್ಲಿ ಪಾಸ್‌ವರ್ಡ್ ಮರೆತರೆ ಗೋಗರೆಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಆದರೆ ಒಮ್ಮೆ ಅದೇನು ಅನುಮಾನ ಬಂತೋ, ಆ ಪುಣ್ಯಾತ್ಮರು ಖಾತೆಯನ್ನೇ ಮುಚ್ಚಿ, ಇವಳನ್ನು ಗೋಳಾಡಿಸಿ, ಆಮೇಲೆ ತೆರೆದರು. ಆಗ ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಂಬರೀಶ್ ಬೇರೆ ದಾರಿ ತೋರಿಸಿದ.

'ಇದ್ರಲ್ಲಿ ಒಬ್ಬ ಯಜಮಾನ ಅಂತಿಲ್ಲ ಕಣಕ್ಕ. ನಿನ್ ಫೈಲಿಗೆ ಬೀಗ ಜಡ್ದು, ಚೂರು ಮಾಡಿ, ದೇಸದೇಸದ ಜನದ ಕಂಪ್ಯೂಟರಲ್ಲಿ ಇಡ್ತದೆ. ಅರ್ಧ ಜನ ಮಿಷಿನ್ ಆರ್ಸಿ ಮಲಗಿದ್ರೂ ಉಳಿದ ಚೂರಲ್ಲೇ ಇಡೀ ಪದ ಎದ್ದು ಬತ್ತದೆ. ಬೀಗದ ಕೈ ಮಾತ್ರ ನಿಂದೇ. ಕಳ್ಕಂಡ್ರೆ ಕೇಳಕ್ಕೆ ಯಾರೂ ಇಲ್ಲ.'

ಯಾರ ಪದ, ಯಾವ ಪದ ಎಂದು ತಿಳಿಯದೆಯೇ ಕಾಣದ ಊರಿನ ಜನ ಕೊಪ್ಪದ ಮುದುಕಿಯ ದನಿ ಕಾಯುತ್ತಾರೆಂದರೆ! ಮುಸರತ್‌ಗೆ ಮೈ ಜುಂ ಎಂದಿತು. ಆಗಿನ್ನೂ ಬದುಕಿದ್ದ ದೇವಿರಮ್ಮನಿಗೆ ಹೇಳಿದರೆ, 'ಅಂಗಾದ್ರೆ ನನ್ ಪದಾನೇ ಬೀಗದ ಕೈ ಮಾಡ್ಕೊ ಬುಡು' ಎಂದು ನಕ್ಕಿದ್ದಳು. ಮುಸರತ್ ಅವಳ ಬಾಯಿಂದಲೇ ಒಂದು ನುಡಿ ಹೇಳಿಸಿಕೊಂಡು ಅದನ್ನೇ ಪಾಸ್‌ವರ್ಡ್ ಎಂದು ಟೈಪ್ ಮಾಡಿ, ಇನ್ನು ಕಂಪ್ಯೂಟರೇ ನೆನಪಿಟ್ಟುಕೊಳ್ಳುತ್ತದೆಂದು ನಿಶ್ಚಿಂತಳಾದಳು. ಈ ವಾರ ಆ ಕಂಪ್ಯೂಟರೇ ಕಣ್ಣು ಮುಚ್ಚಿತು. ನುಡಿಯ ಮೊದಲರ್ಧ ನೆನಪಿತ್ತು. ಉಳಿದದ್ದು ಜಪ್ಪಯ್ಯ ಅಂದರೂ ಬಾಯಿಗೆ ಬರಲಿಲ್ಲ.

ಅಂಬರೀಶನ ಲ್ಯಾಪ್‌ಟಾಪ್ ಇಸಕೊಂಡು ಕೊಪ್ಪಕ್ಕೆ ಸ್ಕೂಟರ್ ಓಡಿಸಿದಳು. ಚಂದನಳ ಮನೆಯ ಚಪ್ಪರದ ಕೆಳಗೆ ದೇವಿರಮ್ಮನ ಜೊತೆಗಾತಿಯರೆಲ್ಲ ಸೇರಿದರು, ತಲೆ ಕೆರೆದುಕೊಂಡರು. ಯಾರಿಗೂ ನೆನಪಾಗಲಿಲ್ಲ.

'ಸುಮ್ಕೆ ಕೇಳಿದ್ರೆ ಬಂದದಾ?' ಎಂದಳು ಮಂಚಮ್ಮ. 'ದೇವಿರಮ್ಮ ಅರ್ಧ ಎತ್ಕೊಡೋಳು, ಮಿಕ್ಕಿದ್ದು ನಾವೇಳೋದು. ಎತ್ಕೊಡೋಳೇ ಇಲ್ವಲ್ಲಾ.'

ಚಲುವಮ್ಮ ಎದ್ದು ದೀಪ ಹಚ್ಚಿದಳು. 'ಮೊದ್ಲರ್ಧ ಗೊತ್ತಲ್ಲ, ನೀನೇ ಎತ್ಕೊಡು ಕಣವ್ವ.'

ಊರಿನ ಮದುವೆಗಳನ್ನೆಲ್ಲ ಕ್ಯಾಮೆರಾದ ಹಿಂದೆ ನಿಂತೇ ನೋಡಿದ್ದ ಮುಸರತ್‌ಗೆ ನಾಚಿಕೆಯಾಯಿತು. ಆದರೂ ಹಾಡಿದಳು.

'ಬಾವಿಯ ನೀರಲ್ಲ, ಕೆರೆಯ ನೀರಲ್ಲ…'

'ಹೊಳೆಯ ನೀರು ತಂದೇವು' ಎಂದು ಮಂಚಮ್ಮನ ಬಾಯಿ ತಾನಾಗಿ ತೆರೆಯಿತು. 'ಹಸೆಗೆ ಬಾರವ್ವ' ಎಂದು ಚಲುವಮ್ಮ ಮುಗಿಸಿದಳು. ಹಾಡಿದವರೇ ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಸರತ್ ಇಡೀ ನುಡಿಯನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ ಒತ್ತಿದಳು. ಎಲ್ಲೆಲ್ಲಿದ್ದವೋ ಆ ಚೂರುಗಳು, ಕೂಡಿ ಬಂದವು. ದೇವಿರಮ್ಮ ಹಾಡತೊಡಗಿದಳು. ಚಂದನ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಅರ್ಧ ನುಡಿ ಆಗಿ ದನಿ ನಿಂತಿತು. ಸ್ಟುಡಿಯೊದಲ್ಲಿ ಒಬ್ಬಳೇ ಕೂತು ಹಾಡಿದ ದಿನ ಮುದುಕಿ ಹೀಗೆಯೇ ಅರ್ಧರ್ಧಕ್ಕೆ ಸುಮ್ಮನಾಗುತ್ತಿದ್ದಳು. ಮರೆವು ಎಂದುಕೊಂಡು ಮುಸರತ್ ಸಿಡುಕಿದ್ದಳು. ಈಗ ಆ ಮೌನಕ್ಕೆ ಚಪ್ಪರದ ಹೆಂಗಸರೆಲ್ಲ, ಯಾರೂ ಹೇಳದೆ, ಒಟ್ಟಿಗೆ ದನಿಗೂಡಿಸಿದರು. ಅವರದು ಮುಗಿಯಿತು.

ದೇವಿರಮ್ಮ ಮುಂದಿನ ನುಡಿ ಎತ್ತಿಕೊಟ್ಟಳು.